ಅಯಸ್ಕಾಂತಕ್ಕೆ ಅಂಟದ ಮಣ್ಣು

ಮಕ್ಕಳು ತಾವೇ ಮಾಡಿ ಕಲಿಯಲಿ ಎಂದು ಏನೇ ಅಚ್ಚು ಹಾಕಿಸಿದರೂ ನಡುವೆ ಯಾರಾದರೂ ದೊಡ್ಡವರು ನುಗ್ಗಿ ತಾವೇ ಮಾಡಿ ಮುಗಿಸಿಬಿಡುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ, ಶಿವಮೊಗ್ಗದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನನಗೆ ಪ್ರಾಥಮಿಕ ಶಾಲೆಗಳಿಗೆ ಪ್ರಯೋಗದ ಕಾರ್ಡು ತಯಾರಿಸುವ ಕೆಲಸ ಬಿತ್ತು. ಮಕ್ಕಳು ಕಂಡದ್ದನ್ನು ಕಂಡ ಹಾಗೇ ಹೇಳುತ್ತಾರೆ, ನೋಡ್ತಾ ಇರಿ ಎಂದು ಸಭೆಯಲ್ಲಿ ಕೊಚ್ಚಿಕೊಂಡೂ ಬಂದಿದ್ದೆ. ಮೊದಲು ಶಿವಮೊಗ್ಗದ ಒಂದು, ಭದ್ರಾವತಿಯ ಒಂದು ಶಾಲೆಯಲ್ಲಿ ಕಾರ್ಡಿನ ಪರೀಕ್ಷೆ. ಇಲಾಖೆಯ ಸಾಹೇಬರು ಒಪ್ಪಿದರೆ ಜಿಲ್ಲೆಗೆಲ್ಲ ನನ್ನ ಕಾರ್ಡು, ಇಲ್ಲದಿದ್ದರೆ ಮಾನ ಹೋದ ಹಾಗೆ.

ಖಾಲಿ ಜಾಗ

"ನೀನು ಏನು ನೋಡಿದೆ?" ಎಂದು ಕಾರ್ಡಿನಲ್ಲಿ ಕೇಳಿ, ಮಗು ಬರೆಯಲಿ ಎಂದು ದೊಡ್ಡ ಚೌಕ ಬಿಟ್ಟಿದ್ದೆ. ಪ್ರೆಸ್ಸಿನಿಂದ ಬಂದ ಕಟ್ಟು ಬಿಚ್ಚಿದರೆ ಒಂದು ಚೌಕವೂ ಖಾಲಿಯಿಲ್ಲ, ಎಲ್ಲದರಲ್ಲೂ ಉತ್ತರ. ಓಡಿಹೋಗಿ ಕೇಳಿದರೆ ಪ್ರೆಸ್ಸಿನ ಯಜಮಾನರು ನನಗೇ ಸಮಾಧಾನ ಹೇಳಿದರು.

"ಗಡಿಬಿಡೀಲಿ ಬರೆಯೋದು ಮರ್ತಿದ್ರಿ ಸಾರ್. ಬಿ.ಎಸ್ಸಿ. ಓದ್ತಿರೋ ಮಗಳ ಕೈಲಿ ತುಂಬಿಸಿದೀನಿ. ಅದಕ್ಕೇನೂ ಚಾರ್ಜ್ ಹಾಕಿಲ್ಲ."

ಬೀರುವಿನಲ್ಲಿ

ಮತ್ತೆ ಅಚ್ಚು ಹಾಕಿಸಿ ಶಿವಮೊಗ್ಗದ ಶಾಲೆಗೆ ಕೊಟ್ಟೆ. ಸ್ವಲ್ಪ ದಿನ ಬಿಟ್ಟು ಹೋದರೆ, ಮುಖ್ಯೋಪಾಧ್ಯಾಯಿನಿ ಸೊಂಟದ ಬೀಗದ ಕೈ ತೆಗೆದು ಬೀರು ತೆರೆದರು. ಕಾರ್ಡುಗಳಿಗೆ ಪ್ಲಾಸ್ಟಿಕ್ ಹೊದಿಕೆ, ಮೇಲೊಂದು ಕುಂಕುಮದ ಬೊಟ್ಟು.

"ಹೆಂಗೆ ಕೊಟ್ಟಿದ್ರೋ ಹಂಗೇ ಇದೆ ಸಾರ್. ಒಂದು ಮಗೂನೂ ಮುಟ್ಟೋಕೆ ಬಿಟ್ಟಿಲ್ಲ."

ಅವರ ಮುಖದ ಸಂತೋಷ ನೋಡಿ, ನಾಚಿಕೆಗೆಟ್ಟವನ ಹಾಗೆ ಥ್ಯಾಂಕ್ಸ್ ಹೇಳಿ ಬಂದೆ.

ಮೈದಾನದ ಮಣ್ಣು

ಉಳಿದದ್ದು ಭದ್ರಾವತಿಯ ಶಾಲೆ. ಅಲ್ಲಿಗೆ ಸಾಹೇಬರೇ ಬಂದರು. ಅಯಸ್ಕಾಂತವನ್ನು ಮಣ್ಣಿನ ಮೇಲೆ ಆಡಿಸಿ ಏನಾದರೂ ಅಂಟಿತೇ ನೋಡಿ ಎಂಬ ಕಾರ್ಡು. ಪ್ರತಿ ಗುಂಪಿನ ಮುಂದೂ ತಟ್ಟೆಯಲ್ಲಿ ಮಣ್ಣು. ಮಕ್ಕಳು ಆಡಿಸಿ ನೋಡಿ, ಏನೂ ಅಂಟಲಿಲ್ಲ ಎಂದು ಒಂದೇ ಸ್ವರದಲ್ಲಿ ಹೇಳಿದರು. ಸಾಹೇಬರು ತಲೆದೂಗಿದರು. ನಾನು ಉಬ್ಬಿಹೋಗಿ, ಎದುರಿಗಿದ್ದ ಹುಡುಗಿಯನ್ನು ಮೈದಾನದ ಮಣ್ಣಲ್ಲೂ ನೋಡೋಣ ಬಾ ಎಂದು ಕರೆದೆ. ಅವಳು ಹೆದರಿ ಹೆಡ್‌ಮೇಷ್ಟ್ರ ಮುಖ ನೋಡಿ, ಮೆಲ್ಲಗೆ ಹೇಳಿದಳು.

"ಅದು ಬೇಡ ಸಾರ್. ಅದು ಅಂಟುತ್ತೆ."

ಹೆಡ್‌ಮೇಷ್ಟ್ರು ಮುಂದೆ ಬಂದು ವಿವರಿಸಿದರು. ಕಬ್ಬಿಣದ ಕೆಲಸದ ಊರು, ಮೈದಾನದ ಮಣ್ಣಲ್ಲೆಲ್ಲ ಕಬ್ಬಿಣದ ಪುಡಿ. ಆಡಿಸಿದಾಗಲೆಲ್ಲ ಅಯಸ್ಕಾಂತಕ್ಕೆ ಮೀಸೆ ಬರುತ್ತಿತ್ತಂತೆ. ಆದರೆ ಕಾರ್ಡಿನ ಹಿಂದೆ, ಮೇಷ್ಟ್ರುಗಳ ಅನುಕೂಲಕ್ಕೆಂದು, 'ಉತ್ತರ: ಅಂಟುವುದಿಲ್ಲ' ಎಂದು ಅಚ್ಚಾಗಿತ್ತು.

"ನಿಮ್ಮ ಕಾರ್ಡು ಸುಳ್ಳಾಗಬಾರ್ದಲ್ಲ ಸಾರ್. ಅದಕ್ಕೇ ಶಿವಮೊಗ್ಗದಿಂದ ಬಸ್ಸಿನ ಮೇಲೆ ಮಣ್ಣು ತರ್ಸಿದ್ವಿ."

ಆ ಉತ್ತರ ಅಚ್ಚು ಹಾಕಿಸಿದವನು ನಾನೇ. ಆ ಹುಡುಗಿಯ ಮುಖ ನೋಡಲು ಧೈರ್ಯ ಬರಲಿಲ್ಲ. ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಹಿತ್ತಲಲ್ಲಿ ಒಂದು ಸಲ ಆಡಿಸಿ ನೋಡಿ ಬರೆದದ್ದು, ಆ ಸಾಲು ತೆಗೆಸಿಬಿಡುತ್ತೇನೆ ಎಂದು ಸಾಹೇಬರ ಮುಂದೆ ತೊದಲಿದೆ.

ಅದೆಲ್ಲ ಬೇಡ ಎಂದರು ಅವರು. ಎಲ್ಲ ಮಕ್ಕಳೂ ಒಂದೇ ಉತ್ತರ ಹೇಳಿದ್ದು ಅವರಿಗೆ ಬಹಳ ಹಿಡಿಸಿತ್ತು. ಅಲ್ಲೇ ಒಪ್ಪಿಗೆ ಕೊಟ್ಟು, ಜೀಪು ಹತ್ತುವಾಗ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಜಿಲ್ಲೆಗೆಲ್ಲ ಕಳಿಸಿ ಮೇಷ್ಟ್ರೇ. ಕಾರ್ಡಿನ ಜೊತೆ ನಿಮ್ಮ ಹಿತ್ತಲ ಮಣ್ಣೂ ಒಂದೊಂದು ಪೊಟ್ಟಣ ಇಟ್ಬಿಡಿ."