ಹೂವಿನಲ್ಲೇ ಮಾತಾಡಿಕೊಂಡ ಷೇರುಗಳು

ಆರಿಸುವ ಅಧಿಕಾರ ಎಂಬುದು ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ. ನನ್ನ ಹಣೆಯಲ್ಲಂತೂ ಬಹುಕಾಲ ಬರೆದಿರಲಿಲ್ಲ. ನಾನು ಏನು ಓದಬೇಕೆಂಬುದನ್ನು ಮುಳಬಾಗಿಲಿನ ನಮ್ಮ ಸೋದರಮಾವ ಆರಿಸಿದರು. ಲೆಕ್ಕ ಕಲಿತವನು ಎಲ್ಲಿ ಹೋದರೂ ಒಂದು ಮೇಜಿನ ಹಿಂದೆ ಕೂರುತ್ತಾನೆ ಎಂಬುದು ಅವರ ಸಿದ್ಧಾಂತ. ಹೆಂಡತಿಯನ್ನು ನಮ್ಮ ತಾಯಿ ಆರಿಸಿದರು. ಅಲ್ಲಿಂದ ಮುಂದಿನದನ್ನೆಲ್ಲ ಹೆಂಡತಿ ಸುಶೀಲ ಆರಿಸುತ್ತ ಬಂದಿದ್ದಾಳೆ. ಕೋಲಾರದ ಮಾರುಕಟ್ಟೆಯಲ್ಲಿ ನಾನು ಒಂದೊಂದಾಗಿ ಮುಟ್ಟಿ, ತಿರುಗಿಸಿ, ಬೆಳಕಿಗೆ ಹಿಡಿದು ತಂದ ಬದನೆಕಾಯಿಯನ್ನು ಅವಳು ಮೊರಕ್ಕೆ ಸುರಿದು ಮತ್ತೆ ಆರಿಸುತ್ತಾಳೆ. ಕೊನೆಗೆ ಎರಡನ್ನು ಎತ್ತಿಟ್ಟುಕೊಂಡು, "ಇವೆರಡು ಪರವಾಗಿಲ್ಲ ಕಣ್ರೀ, ಮಿಕ್ಕಿದ್ದು ಆ ಹಸೂಗೆ ಹಾಕಿ" ಎನ್ನುತ್ತಾಳೆ. ಹೀಗೆ ಬಾಳಿದವನಿಗೆ, ತಲೆಗೂದಲು ನೆರೆತ ಮೇಲೆ, ಒಂದು ಕಂಪನಿಯ ನೌಕರರೆಲ್ಲರ ಭವಿಷ್ಯವನ್ನು ಹೊರಬೇಕಾದ ಸಾಫ್ಟ್‌ವೇರನ್ನು ಆರಿಸುವ ಅಧಿಕಾರ ಬಂದಿತೆಂದರೆ, ಅವನು ಸ್ವಲ್ಪ ಬೀಗಿದರೆ ಓದುಗರು ಕ್ಷಮಿಸಬೇಕು. ಕ್ಷಮಿಸದಿದ್ದರೂ ಬೀಗುವುದನ್ನು ನಾನು ನಿಲ್ಲಿಸುವ ಹಾಗಿಲ್ಲ.

ನಮ್ಮ ಕಾರ್ಖಾನೆ ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿದೆ. ಲಾರಿಗಳ ಹೊಟ್ಟೆಯೊಳಗೆ ಯಾರ ಕಣ್ಣಿಗೂ ಬೀಳದೆ ಒದ್ದಾಡುವ ರಬ್ಬರಿನ ಬಿಡಿಭಾಗಗಳನ್ನು ಮಾಡುತ್ತೇವೆ. ಅಲ್ಲಿನ ಲೆಕ್ಕಪತ್ರ ವಿಭಾಗಕ್ಕೆ ನಾನು ಮುಖ್ಯಸ್ಥ. ಕಂಪನಿಯ ಮುಖ್ಯ ಆಫೀಸು ಬೆಂಗಳೂರಿನಲ್ಲಿದ್ದರೂ ಲೆಕ್ಕ ಮಾತ್ರ ಮೊದಲಿನಿಂದಲೂ ಮಾಲೂರಿನದೇ. ಹೊಸ ಶತಮಾನ ಬಂದು ನಾಲ್ಕೈದು ವರ್ಷಗಳಾಗಿದ್ದಾಗ ನಮ್ಮ ಎಂ.ಡಿ. ಸಾಹೇಬರು ಯಾವುದೋ ವಿಚಾರ ಸಂಕಿರಣಕ್ಕೆ ಹೋಗಿ, ಬರುವಾಗ ಒಂದು ಆದರ್ಶವನ್ನು ಹಿಡಿದು ತಂದರು. ದೊಡ್ಡವರು ಊಟಕ್ಕೆ ಮಾತ್ರ ಸಂಕಿರಣಗಳಿಗೆ ಹೋದರೆ ಕೆಳಗಿನವರಿಗೆ ತೊಂದರೆಯಿಲ್ಲ; ಭಾಷಣವನ್ನೂ ಕೇಳಿಬಿಟ್ಟರೆ ಕಷ್ಟ. ಮ್ಯಾನೇಜರಿನಿಂದ ಮೆಷಿನ್ ಆಪರೇಟರ್‌ವರೆಗೆ ಎಲ್ಲರೂ ಕಂಪನಿಯ ಒಡೆಯರಾಗಬೇಕು, ಎಲ್ಲರಿಗೂ ಷೇರಿನ ಆಪ್ಷನ್ನು ಕೊಡಬೇಕು ಎಂದು ತೀರ್ಮಾನವಾಯಿತು. ಯಾರಿಗೆ ಎಷ್ಟು ಕೊಟ್ಟೆವು, ಯಾವಾಗ ಅವರ ಕೈಗೆ ಬರುತ್ತದೆ, ಯಾರು ಬಿಟ್ಟುಹೋದರು, ಇದರಿಂದ ಪ್ರತಿ ವರ್ಷ ಕಂಪನಿಗೆ ಬಿದ್ದ ಖರ್ಚೆಷ್ಟು ಎಂಬುದನ್ನೆಲ್ಲ ಇಡಲು ಒಂದು ಸಾಫ್ಟ್‌ವೇರು ಬೇಕಾಯಿತು.

ಎಂ.ಡಿ. ಫೋನು ಮಾಡಿದರು. "ಶ್ರೀಕಂಠಯ್ಯನವರೇ, ಒಳ್ಳೇದೊಂದು ನೀವೇ ನೋಡಿ ಆರಿಸಿ. ನಿಮ್ಗೆ ಕಷ್ಟ ಅನ್ಸಿದ್ರೆ ಸಂಕೋಚ ಪಡ್ಬೇಡಿ, ಹೇಳ್ಬಿಡಿ. ಅಕೌಂಟ್ಸ್ ಡಿಪಾರ್ಟ್‌ಮೆಂಟನ್ನೇ ಪೂರ್ತಿ ಬೆಂಗ್ಳೂರಿಗೆ ತಂದ್ಬಿಡೋಣ."

ಎಷ್ಟು ಮೃದುವಾಗಿ ಹೇಳಿದರು ನೋಡಿ. ಹಲ್ಲು ಕೀಳುವ ವೈದ್ಯರು ಕೂಡ ಅಷ್ಟು ಮೃದುವಾಗಿ ಮಾತಾಡುವುದಿಲ್ಲ. ನಾನು ಆರಿಸಿದ್ದು ಕೆಟ್ಟರೆ ಮಾಲೂರಿನ ಲೆಕ್ಕದ ಕೋಣೆಗೆ ಬೀಗ ಬೀಳುತ್ತದೆ, ಕೋಲಾರದಿಂದ ಮಾಲೂರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬರುವ ನಾನು ಬೆಂಗಳೂರಿನ ಯಾವುದೋ ಗಾಜಿನ ಕಟ್ಟಡದ ಮೂಲೆಯಲ್ಲಿ ಹೊಸ ಹುಡುಗರ ಕೈಕೆಳಗೆ ಕೂರಬೇಕಾಗುತ್ತದೆ ಎಂಬುದು ಅದರ ಅರ್ಥ. ಅದು ನನಗೂ ಗೊತ್ತಾಯಿತು, ನನಗೆ ಗೊತ್ತಾಯಿತೆಂಬುದು ಅವರಿಗೂ ಗೊತ್ತಾಯಿತು. "ಕಷ್ಟವೇನಿಲ್ಲ ಸಾರ್" ಎಂದೆ. ಆಪ್ಷನ್ನು ಎಂದರೆ ಏನೆಂಬುದು ಆ ಹೊತ್ತಿಗೆ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಒಂದು ಸಮಿತಿ ಮಾಡಿದೆ. ಸಮಿತಿಯಿಲ್ಲದೆ ಮಾಡಿದ ಕೆಲಸಕ್ಕೆ ಘನತೆ ಬರುವುದಿಲ್ಲ. ಅಧ್ಯಕ್ಷ ನಾನು. ಸಿಬ್ಬಂದಿ ವಿಭಾಗದ ಕೃಷ್ಣಾರೆಡ್ಡಿ ಒಬ್ಬ ಸದಸ್ಯರು. ಶ್ರೀನಿವಾಸಪುರದ ಕಡೆ ಯಲ್ದೂರಿನವರು, ಮನೆಯಲ್ಲಿ ಮಾವಿನ ತೋಟ, ಬಾಯಲ್ಲಿ ಅರ್ಧ ತೆಲುಗು. ಕಾರ್ಮಿಕರ ಪರವಾಗಿ ಲಕ್ಕೂರಿನ ಮುನಿಶಾಮಪ್ಪ. ರಬ್ಬರು ಒತ್ತುವ ಪ್ರೆಸ್ಸಿನ ವಿಭಾಗದವನು, ಯಾವುದಕ್ಕೂ ಸುಲಭವಾಗಿ ಹೂಂ ಅನ್ನದವನು. ಮೊದಲ ಸಭೆಯಲ್ಲಿ ನಾನು ಹಿಂದಿನ ದಿನವಷ್ಟೇ ಓದಿ ತಿಳಿದದ್ದನ್ನು ಬಹುಕಾಲದಿಂದ ತಿಳಿದವನ ಗಾಂಭೀರ್ಯದಿಂದ ವಿವರಿಸಿದೆ. ಇವತ್ತಿನ ಬೆಲೆಗೆ ಷೇರು ಕೊಳ್ಳುವ ಹಕ್ಕನ್ನು ಇವತ್ತೇ ಕೊಡುತ್ತಾರೆ, ಮೂರು ವರ್ಷ ಕೆಲಸದಲ್ಲಿದ್ದರೆ ಆ ಹಕ್ಕು ಬಲಿಯುತ್ತದೆ, ಆಗ ಬೇಕಾದರೆ ಕೊಳ್ಳಬಹುದು, ಬೇಡವಾದರೆ ಬಿಡಬಹುದು ಎಂದೆ.

ಮುನಿಶಾಮಪ್ಪ ತಲೆ ಕೆರೆದುಕೊಂಡ. "ಕೊಡೋದಾದ್ರೆ ಈಗ್ಲೇ ಕೊಡ್ಬೇಕಪ್ಪ. ಮೂರು ವರ್ಷ ಆದ್ಮೇಲೆ ನೀನೇ ದುಡ್ಡು ಕೊಟ್ಟು ತಗೋ ಅಂದ್ರೆ ಅದ್ಯಾವ ಸೀಮೆ ಕೊಡೋದು ಸಾ?"

ಆಗ ನನಗೆ ಹೊಳೆಯಿತು. ಇದನ್ನು ನಾನು ಸಾಧಾರಣ ದನಿಯಲ್ಲಿ ಹೇಳಲಾರೆ. ನನ್ನ ಬದುಕಿನಲ್ಲಿ ಹೊಳೆದದ್ದು ಕಡಿಮೆ. "ರೆಡ್ಡಿಯವರೇ, ನಿಮ್ಮ ತೋಟಕ್ಕೆ ಸಾಹುಕಾರ ಯಾವಾಗ ಬರ್ತಾನೆ?" ಎಂದು ಕೇಳಿದೆ.

"ಹೂ ಬಿಟ್ಟಾಗ. ಹೂ ನೋಡಿಯೇ ಫಸಲಿಗೆ ರೇಟು ಮಾತಾಡ್ಕೊಂಡು ಅಡ್ವಾನ್ಸು ಕೊಟ್ಟು ಹೋಗ್ತಾನೆ ಸಾಮಿ."

"ಕಾಯಿ ಚೆನ್ನಾಗಿ ಬಂದ್ರೆ?"

"ಅದೇ ರೇಟಿಗೆ ಕಿತ್ಕೊಂಡು ಹೋಗ್ತಾನೆ. ನಾವು ಹೊಟ್ಟೆ ಉರ್ಕೊಂಡು ನೋಡ್ತಾ ನಿಂತಿರ್ತೀವಿ."

"ಬರದೆ ಹೋದ್ರೆ?"

"ಅಡ್ವಾನ್ಸು ಬಿಟ್ಟು ಓಡ್ತಾನೆ. ಇಂಕೇಮುಂದಿ, ಇನ್ನೇನಿದೆ!"

"ಅದೇ ಆಪ್ಷನ್ನು" ಎಂದೆ. "ತೋಟ ಕಂಪನಿದು. ಸಾಹುಕಾರ ಮುನಿಶಾಮಪ್ಪ."

ಮುನಿಶಾಮಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ. ಅವನ ವಂಶದಲ್ಲಿ ಯಾರೂ ಆವರೆಗೆ ಸಾಹುಕಾರರಾಗಿರಲಿಲ್ಲ. "ಅಡ್ವಾನ್ಸು ಎಷ್ಟು ಕೊಡ್ಬೇಕು ಸಾ?"

"ಏನೂ ಇಲ್ಲ."

"ಅಡ್ವಾನ್ಸೂ ಇಲ್ದೆ ತೋಟ ಮಾತಾಡ್ಕೊಳೋದಾ! ಇಂಥ ಯಜಮಾನ್ರು ಇಷ್ಟು ದಿನ ಎಲ್ಲಿದ್ರು ಸಾ?" ಎಂದ. ಆಮೇಲೆ ಸಾಹುಕಾರನಾದ ಕ್ಷಣದಿಂದಲೇ ಸಾಹುಕಾರನ ಬುದ್ಧಿ ಬಂದು, "ಅದ್ಸರಿ, ಆಲಿಕಲ್ಲು ಬಿದ್ರೆ? ಸಾಹುಕಾರ ಬಂದು ಜಗುಲಿ ಮೇಲೆ ಕೂತ್ಕೊಂಡು, ಕಾಪಿ ಕುಡ್ದು, ರೇಟು ಇಳಿಸಿ ಅಂತ ಹಟ ಮಾಡ್ತಾನಲ್ಲ, ಅಂಗೆ ನಾವೂ ಮಾಡ್ಬೋದಾ?" ಎಂದು ಕೇಳಿದ.

ಕೃಷ್ಣಾರೆಡ್ಡಿ ನಿಟ್ಟುಸಿರಿಟ್ಟರು. "ಮಾಡ್ತಾರೆ ಸಾಮಿ. ನಮ್ಮಪ್ಪ ಯಾವಾಗ್ಲೂ ಇಳಿಸ್ತಿದ್ರು. ಇಲ್ದಿದ್ರೆ ಮುಂದಿನ ವರ್ಷ ತೋಟದ ಕಡೆ ತಲೆ ಹಾಕಲ್ಲ ಅವ್ರು."

ಷೇರಿನ ಬೆಲೆ ಕುಸಿದಾಗ ಕಂಪನಿಗಳು ಮಾತಾಡಿದ ಬೆಲೆಯನ್ನು ತಗ್ಗಿಸುವುದುಂಟು ಎಂದು ನಾನು ಓದಿದ್ದೆ. ಆದರೆ ಓದಿದ ಪುಸ್ತಕದಲ್ಲಿ ಅದು ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿತ್ತು. ನಮ್ಮ ಸಮಿತಿ ಅದನ್ನು ಮೊದಲ ಅಗತ್ಯವೆಂದು ಬರೆದುಕೊಂಡಿತು. ರಾಗಿ ಕುಯ್ಲಿಗೆಂದು ಸಂಬಳವಿಲ್ಲದ ರಜೆ ಹಾಕಿ ಹೋದವನ ಮೂರು ವರ್ಷಕ್ಕೆ ಭಂಗ ಬರಕೂಡದು ಎಂಬುದು ಎರಡನೆಯದು.

ಇಲ್ಲಿ ನಮ್ಮಿಂದ ಒಂದು ಸಣ್ಣ ಅಚಾತುರ್ಯವಾಯಿತು. ಹಕ್ಕು ಕೊಟ್ಟ ದಿನಕ್ಕೆ ಹೂ ಬಿಟ್ಟ ದಿನವೆಂದೂ, ಹಕ್ಕು ಪಕ್ವವಾದ ದಿನಕ್ಕೆ ಕಾಯಿ ಬಲಿತ ದಿನವೆಂದೂ, ಷೇರು ಕೊಂಡ ದಿನಕ್ಕೆ ಕಿತ್ತ ದಿನವೆಂದೂ ನಾವು ನಾವೇ ಮಾತಾಡಿಕೊಳ್ಳುತ್ತಿದ್ದೆವು. ಕೃಷ್ಣಾರೆಡ್ಡಿ ನಮ್ಮ ಬೇಡಿಕೆಗಳನ್ನು ಇಂಗ್ಲಿಷಿಗೆ ತಿರುಗಿಸಿ ಸಾಫ್ಟ್‌ವೇರಿನವರಿಗೆ ಕಳಿಸುವಾಗ ಅವನ್ನೂ ಅಷ್ಟೇ ಶ್ರದ್ಧೆಯಿಂದ ತಿರುಗಿಸಿದರು. ನಾನು ಓದಿ ನೋಡಿ ರುಜು ಹಾಕಿದೆ. ನನಗೆ ಎಲ್ಲವೂ ಸ್ಪಷ್ಟವಾಗಿಯೇ ಇತ್ತು. ಪರಿಣಾಮವಾಗಿ ಮೊದಲು ಬಂದ ಮಹಾಶಯರು ತೋಟಗಾರಿಕೆಯ ಸಾಫ್ಟ್‌ವೇರು ತಂದಿದ್ದರು. ಯಾವ ಮರಕ್ಕೆ ಯಾವಾಗ ನೀರು ಬಿಡಬೇಕು, ಯಾವ ಹುಳಕ್ಕೆ ಯಾವ ಔಷಧಿ ಎಂದೆಲ್ಲ ಪರದೆಯ ಮೇಲೆ ತೋರಿಸಿದರು. ಅದು ನಮಗಲ್ಲವೆಂದು ತಿಳಿಯಲು ಸಮಿತಿಗೆ ಸ್ವಲ್ಪ ಹೊತ್ತು ಹಿಡಿಯಿತು, ಏಕೆಂದರೆ ಕೃಷ್ಣಾರೆಡ್ಡಿ ಬಹಳ ಆಸಕ್ತಿಯಿಂದ ಪ್ರಶ್ನೆ ಕೇಳುತ್ತಿದ್ದರು. ಕೊನೆಗೆ ತಮ್ಮ ಸ್ವಂತ ತೋಟಕ್ಕೆ ಬೆಲೆ ವಿಚಾರಿಸಿ ಕಳಿಸಿಕೊಟ್ಟರು.

ಎರಡನೆಯವರು ದೊಡ್ಡ ಕಂಪನಿಯವರು. ಟೈ ಕಟ್ಟಿದ ಇಬ್ಬರು ಕಾರಿನಲ್ಲಿ ಬಂದರು. ಅವರ ಸಾಫ್ಟ್‌ವೇರನ್ನು ಹೊರದೇಶಗಳಲ್ಲಿ ಬಳಸುತ್ತಾರಂತೆ. ಪರದೆಯ ಮೇಲೆ ಬಣ್ಣಬಣ್ಣದ ಚಕ್ರಗಳು ತಿರುಗಿದವು. ಕರೆಂಟು ಹೋಯಿತು. ಬಂತು. ಮತ್ತೆ ತಿರುಗಿದವು. ನಾನು ಕನ್ನಡಕ ಸರಿಮಾಡಿಕೊಂಡು, ಸಮಿತಿಯ ಪರವಾಗಿ, "ಆಲಿಕಲ್ಲು ಬಿದ್ದರೆ ಏನು ಮಾಡುತ್ತದೆ?" ಎಂದು ಕೇಳಿದೆ. ಟೈಗಳು ಒಂದನ್ನೊಂದು ನೋಡಿಕೊಂಡವು. ಬೆಲೆ ತಗ್ಗಿಸುವ ವಿಷಯವೆಂದು ಬಿಡಿಸಿ ಹೇಳಿದ ಮೇಲೆ ದೊಡ್ಡ ಟೈ ಮುಗುಳ್ನಕ್ಕು, "ವೆರಿ ಸಿಂಪಲ್ ಸಾರ್. ಹಳೇ ಆಪ್ಷನ್ ಕ್ಯಾನ್ಸಲ್ ಮಾಡಿ, ಹೊಸದು ಕೊಟ್ರಾಯ್ತು" ಎಂದರು.

"ಮೂರು ವರ್ಷ ಮತ್ತೆ ಮೊದಲಿಂದ್ಲಾ?" ಎಂದ ಮುನಿಶಾಮಪ್ಪ.

"ಸಿಸ್ಟಮ್ಮಲ್ಲಿ ಹಾಗೇ ಬರುತ್ತೆ."

"ಅಂದ್ರೆ ಆಲಿಕಲ್ಲು ಬಿತ್ತು ಅಂತ ಮರಾನೇ ಕಿತ್ತಾಕಿ ಸಸಿ ನೆಡಿ ಅಂತೀರಾ?" ಎಂದು ಅವನು ಎದ್ದು ನಿಂತ. ನಾನು ಅಧ್ಯಕ್ಷನಾಗಿ ಅವನನ್ನು ಕೂರಿಸಿದೆ. ಒಳಗೊಳಗೆ ನಾನೂ ಎದ್ದು ನಿಂತಿದ್ದೆ.

ಮೂರನೆಯದು ಒಂದು ಸಣ್ಣ ಸಂಸ್ಥೆ. ನಂದಿನಿ ಎಂಬ ಹೆಣ್ಣುಮಗಳು ಒಬ್ಬಳೇ ರೈಲಿನಲ್ಲಿ ಬಂದಳು. ಚಕ್ರಗಳಿರಲಿಲ್ಲ, ಬಣ್ಣವೂ ಅಷ್ಟಕ್ಕಷ್ಟೆ. ಆಲಿಕಲ್ಲಿನ ಪ್ರಶ್ನೆ ಕೇಳುತ್ತಲೇ, "ನಿಮ್ ಕಾಗದ ಓದ್ದಾಗ ನಮ್ಮಾಫೀಸಲ್ಲಿ ಎಲ್ರೂ ನಕ್ಕಿದ್ರು ಸಾರ್. ನಮ್ ತಾತ ಮಾವಿನ ವ್ಯಾಪಾರದವ್ರು, ನಂಗೆ ನಗು ಬರ್ಲಿಲ್ಲ" ಎಂದು, ಮಾತಾಡಿದ ಹಳೆಯ ಬೆಲೆಯನ್ನೂ ತಗ್ಗಿಸಿದ ಹೊಸ ಬೆಲೆಯನ್ನೂ ಅಕ್ಕಪಕ್ಕ ತೋರಿಸಿದಳು. ಕಾದ ವರ್ಷಗಳು ಹಾಗೆಯೇ ಇದ್ದವು. ತಗ್ಗಿಸಿದ್ದರಿಂದ ಬಿದ್ದ ಹೆಚ್ಚಿನ ಖರ್ಚು ಬೇರೆಯ ಸಾಲಿನಲ್ಲಿ ಬಂತು. ರಾಗಿ ಕುಯ್ಲಿಗೂ ಜಾಗವಿತ್ತು. ನಾನು ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕಿ ನೋಡಿದೆ, ತಾಳೆಯಾಯಿತು. ಸುಮ್ಮನೆ ಇನ್ನೊಮ್ಮೆ ಹಾಕಿದೆ. ಘನತೆಗಾಗಿ.

ಬೆಂಗಳೂರಿನ ಸಭೆಯಲ್ಲಿ ಅಲ್ಲಿನ ಹಣಕಾಸಿನ ಮುಖ್ಯಸ್ಥರು ಟೈಗಳ ಪರ. "ನಮ್ಮ ಷೇರು ಬೀಳುತ್ತೆ ಅಂತಾನೇ ಇಟ್ಕೊಂಡು ಸಾಫ್ಟ್‌ವೇರ್ ಆರಿಸ್ತೀರಲ್ಲ, ಅಪಶಕುನ ಅಲ್ವೇ ಶ್ರೀಕಂಠಯ್ಯನವರೇ?" ಎಂದರು. ನಾನು ಜೀವಮಾನದಲ್ಲಿ ಮೊದಲ ಬಾರಿಗೆ ದೊಡ್ಡವರ ಮುಂದೆ ದನಿ ಎತ್ತಿದೆ. ಎತ್ತಿದೆನೆಂದರೆ ಎಲ್ಲರಿಗೂ ಕೇಳಿಸುವಷ್ಟು. "ಸಾರ್, ನಮ್ಮ ಕಡೆ ತೋಟ ಇಟ್ಟವನು ಆಲಿಕಲ್ಲು ಬೀಳಲಿ ಅಂತ ಬೇಡಿಕೊಳ್ಳೋದಿಲ್ಲ. ಆದರೆ ಬಿದ್ದ ದಿನ ಸಾಹುಕಾರನಿಗೆ ಏನು ಹೇಳಬೇಕು ಅಂತ ಮೊದಲೇ ಯೋಚಿಸಿರ್ತಾನೆ." ಎಂ.ಡಿ. ನಮ್ಮ ಸಮಿತಿಯ ಕಾಗದಗಳನ್ನು ತಮ್ಮ ಕಡೆಗೆ ಎಳೆದುಕೊಂಡರು. "ಸರಿ, ನಿಮ್ಮದೇ ತಗೊಳ್ಳಿ. ಕೆಟ್ಟರೆ ಡಿಪಾರ್ಟ್‌ಮೆಂಟ್ ಇಲ್ಲಿಗೆ" ಎಂದರು, ಮತ್ತೆ ಅದೇ ಮೃದು ದನಿಯಲ್ಲಿ. ಆ ರಾತ್ರಿ ಸುಶೀಲಳಿಗೆ ಎಲ್ಲ ಹೇಳಿದೆ. "ನೀವು ಆರಿಸಿದ್ದಾ?" ಎಂದಳು. ಅಷ್ಟೇ ಅಂದಳು, ಆದರೆ ನನ್ನ ಕಣ್ಣ ಮುಂದೆ ಮೊರ ಬಂದು ನಿಂತಿತು.

ವರ್ಷ ಕಳೆದು ಮತ್ತೊಂದು ಬಂತು. ಲಾರಿ ಮಾಡುವವರು ಲಾರಿ ಮಾಡುವುದನ್ನು ಕಡಿಮೆ ಮಾಡಿದರು. ನಮ್ಮ ಷೇರಿನ ಮೇಲೆ ಬಿತ್ತು ನೋಡಿ ಆಲಿಕಲ್ಲು. ಮಾತಾಡಿದ ಬೆಲೆಯ ಅರ್ಧಕ್ಕೆ ಬಂತು. ಮುನಿಶಾಮಪ್ಪ ತನ್ನ ಕಡೆಯವರನ್ನು ಕರೆದುಕೊಂಡು ಆಡಳಿತ ಕಟ್ಟಡದ ಜಗುಲಿಗೆ ಬಂದು ಕೂತ. ಘೋಷಣೆಯಿಲ್ಲ, ಗಲಾಟೆಯಿಲ್ಲ. ಮುಷ್ಕರವೆಂದು ಹೆದರಿ ಬೆಂಗಳೂರಿನಿಂದ ಓಡಿಬಂದ ಎಂ.ಡಿ., "ಇವರಿಗೆ ಏನು ಬೇಕಂತೆ?" ಎಂದು ನನ್ನನ್ನು ಕೇಳಿದರು.

"ಮೊದಲು ಕಾಫಿ ಸಾರ್" ಎಂದೆ. "ಆಮೇಲೆ ರೇಟು ಇಳಿಸಬೇಕು."

ಕಾಫಿ ತರಿಸಿದರು. ತಾವೂ ಜಗುಲಿಯ ಮೇಲೆಯೇ ಕೂತು ಕುಡಿದರು. ಮುನಿಶಾಮಪ್ಪ ಗಂಟಲು ಸರಿಮಾಡಿಕೊಂಡು, "ನೋಡಿ ಯಜಮಾನ್ರೇ, ಮುಂದಿನ ವರ್ಷಾನೂ ನಾವು ಇದೇ ತೋಟಕ್ಕೆ ಬರೋರು" ಎಂದ. ಕಾನೂನಿನ ಪ್ರಕಾರ ಆಗಬೇಕಾದ ಒಪ್ಪಿಗೆಗಳೆಲ್ಲ ಆದ ಮೇಲೆ ಬೆಲೆ ಇಳಿಯಿತು. ಒಬ್ಬನೂ ಕೆಲಸ ಬಿಡಲಿಲ್ಲ. ಲೆಕ್ಕ ತಪಾಸಣೆಗೆ ಬಂದವರು ಈ ಸಲ ಮಾಲೂರಿನವರು ಸಿಕ್ಕಿಬಿದ್ದರೆಂದು ತೋಳು ಮಡಿಚಿ ಕೂತರು. ನಂದಿನಿಯ ಸಾಫ್ಟ್‌ವೇರು ಹಳೆಯದು, ಹೊಸದು, ಹೆಚ್ಚಿನ ಖರ್ಚು ಎಲ್ಲವನ್ನೂ ಅಚ್ಚು ಹಾಕಿ ಅವರ ಮುಂದಿಟ್ಟಿತು. ಅವರು ಮಧ್ಯಾಹ್ನದ ಊಟಕ್ಕೇ ಮುಗಿಸಿ ತೋಳು ಬಿಚ್ಚಿಕೊಂಡು ಹೋದರು. "ಅಕೌಂಟ್ಸ್ ಮಾಲೂರಿನಲ್ಲೇ ಇರಲಿ" ಎಂದು ಎಂ.ಡಿ. ಎಲ್ಲರ ಮುಂದೆ ಹೇಳಿದರು. ಮುಳಬಾಗಿಲಿನ ನಂಟರಿಗೆಲ್ಲ ಈ ಮಾತನ್ನು ನಾನೇ ಖುದ್ದಾಗಿ ತಲುಪಿಸಿದ್ದೇನೆ. ಕೆಲವರಿಗೆ ಎರಡು ಸಲ.

ಒಂದೇ ತೊಂದರೆ. ಸಾಫ್ಟ್‌ವೇರು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ. ಕೈಯಲ್ಲಿ ಹಾಕುವುದಾದರೆ ನಮ್ಮ ಕೋಣೆಯವರೆಲ್ಲ ವಾರಗಟ್ಟಲೆ ಕೂರಬೇಕಾದ ಲೆಕ್ಕವನ್ನು ಅದು, ನಾನು ಗುಂಡಿ ಒತ್ತಿ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಮುಗಿಸಿಬಿಡುತ್ತದೆ. ಇದು ಬೆಂಗಳೂರಿಗೆ ತಿಳಿದರೆ, ಒಂದು ಗುಂಡಿ ಒತ್ತಲು ಮಾಲೂರಿನಲ್ಲಿ ಒಂದು ವಿಭಾಗ ಏಕೆ ಎಂಬ ಪ್ರಶ್ನೆ ಏಳದೆ ಇರುವುದಿಲ್ಲ. ಆದ್ದರಿಂದ ಮೂರು ತಿಂಗಳಿಗೊಮ್ಮೆ ನಾನು ಬಾಗಿಲು ಹಾಕಿಕೊಂಡು, ಗುಂಡಿ ಒತ್ತಿ, ಆಮೇಲೆ ಎರಡು ದಿನ ಹಳೆಯ ವಾರಪತ್ರಿಕೆಗಳನ್ನು ಗಂಭೀರವಾಗಿ ಓದುತ್ತೇನೆ. ಹೊರಗೆ ಕೃಷ್ಣಾರೆಡ್ಡಿ, "ಸಾಮಿಯೋರು ಲೆಕ್ಕಕ್ಕೆ ಕೂತವ್ರೆ, ಸದ್ದು ಮಾಡ್ಬೇಡ್ರಪ್ಪಾ" ಎಂದು ಎಲ್ಲರನ್ನೂ ಗದರಿಸುತ್ತಿರುತ್ತಾರೆ. ಹೋದ ಸಲ ಎಂ.ಡಿ. ಬಂದವರು ಮುಚ್ಚಿದ ಬಾಗಿಲನ್ನು ನೋಡಿ ತುದಿಗಾಲಿನಲ್ಲಿ ಹಿಂದಿರುಗಿದರಂತೆ. ಮಾರನೆಯ ದಿನ ಫೋನು ಮಾಡಿ, "ಈ ವಯಸ್ಸಿನಲ್ಲಿ ಇಷ್ಟು ಕಷ್ಟ ಪಡ್ತೀರಲ್ಲ, ನಂಗೆ ನೋಡೋಕಾಗಲ್ಲ ಶ್ರೀಕಂಠಯ್ಯನವರೇ. ಇನ್ನೂ ವೇಗವಾದ ಕಂಪ್ಯೂಟರ್ ಒಂದು ಕಳಿಸ್ತಾ ಇದೀನಿ" ಎಂದರು. ನಾನು ಧನ್ಯವಾದ ಹೇಳಿ ಫೋನು ಇಟ್ಟೆ. ಈಗಿರುವುದರ ವೇಗವನ್ನು ಬಚ್ಚಿಡುವುದರಲ್ಲೇ ನನಗೆ ಸಾಕುಸಾಕಾಗಿದೆ.