ಮೂರು ಫ್ಯಾನಿನ ವಿದ್ವಾನ್

ಗ್ರಾಫಿಕ್ಸ್ ಕಾರ್ಡ್ ಕೊಳ್ಳೋದಕ್ಕೆ ಶ್ರುತಿಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೋದವರು ಇಡೀ ಮೈಸೂರಿನಲ್ಲಿ ಇಂದುಮತಿ ಒಬ್ಬಳೇ ಇರಬೇಕು. ಅಂಗಡಿಯವನು ಅದನ್ನು ನೋಡಿ, "ಇದರ ರಿಪೇರಿ ನಾವು ಮಾಡಲ್ಲ ಮೇಡಂ, ಪಕ್ಕದ ರೇಡಿಯೊ ಅಂಗಡೀಲಿ ಕೇಳಿ," ಅಂದ.

"ರಿಪೇರಿಗಲ್ಲಪ್ಪ. ನಿನ್ನ ಹತ್ತಿರ ಇರೋ ಕಾರ್ಡುಗಳನ್ನ ಒಂದೊಂದಾಗಿ ಓಡಿಸು. ಯಾವುದು ನನ್ನ ಶ್ರುತಿಗೆ ಸೇರುತ್ತೋ ಅದನ್ನ ತಗೋತೀವಿ."

ಅಂಗಡಿಯವನು ಅವಳ ಪಕ್ಕ ನಿಂತಿದ್ದ ಮೈದುನ ಪದ್ದುವಿನ ಮುಖ ನೋಡಿದ. ಪದ್ದು ತಾರಸಿ ನೋಡಿದ.

ಇಷ್ಟಕ್ಕೆಲ್ಲ ಕಾರಣ ಪದ್ದುವೇ. ಕೃಷ್ಣಮೂರ್ತಿಪುರಂನ ಅವರ ಮನೆಯ ಹಜಾರದಲ್ಲಿ ಇಂದುಮತಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಹಜಾರಕ್ಕೆ ಅಂಟಿಕೊಂಡ ಕೋಣೆಯಲ್ಲಿ ಪದ್ದು ಶಾಲೆಯ ಪಾಠಗಳಿಗೆ ಕಂಪ್ಯೂಟರಿನಲ್ಲಿ ಚಲಿಸುವ ಚಿತ್ರ ಮಾಡುತ್ತಿದ್ದ. ಜೊತೆಗೆ, ಯಾರೂ ಕೇಳದಿದ್ದರೂ, ಹೊಸ ಹೊಸ ಯಂತ್ರ ಕಂಡುಹಿಡಿಯುತ್ತಿದ್ದ. ಹೃದಯ ಬಡಿಯೋದು, ಬೀಜ ಮೊಳೆಯೋದು ಇಂಥ ಚಿತ್ರಕ್ಕೆ ಕಂಪ್ಯೂಟರು ತೆಪ್ಪಗಿರುತ್ತಿತ್ತು. ಜ್ವಾಲಾಮುಖಿ ಶುರುವಾಯಿತೋ, ಒಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಮೈಯೆಲ್ಲ ಕಾವು ಏರಿ, ಅದನ್ನು ತಣ್ಣಗೆ ಮಾಡುವ ಫ್ಯಾನು ಊಳಿಡುತ್ತಿತ್ತು. ಊಳಿಡಲಿ, ಬೇಡ ಅನ್ನೋರ್ಯಾರು? ಆದರೆ ಷಡ್ಜಕ್ಕೂ ಸೇರದೆ ರಿಷಭಕ್ಕೂ ಸೇರದೆ ನಡುವೆ ಎಲ್ಲೋ ನಿಂತು ಊಳಿಡುತ್ತಿತ್ತು! ಮಕ್ಕಳೆಲ್ಲ ಶ್ರುತಿಪೆಟ್ಟಿಗೆ ಬಿಟ್ಟು ಅದರ ಜೊತೆಗೇ ಸರಳೆವರಸೆ ಹಾಡತೊಡಗಿದ್ದರು.

ಅದೂ ಯಾರ ಮನೆಯಲ್ಲಿ? ವಿದ್ವಾನ್ ಚಂದ್ರಮೌಳಯ್ಯನವರ ಮನೆಯಲ್ಲಿ! ಅವರ ಬಾಯಿಂದ ಒಂದು "ಭೇಷ್" ಬಿದ್ದರೆ ಹಾಡುಗಾರರು ಅದನ್ನು ಬಿರುದಿನ ಹಾಗೆ ಹೇಳಿಕೊಂಡು ಊರೆಲ್ಲ ತಿರುಗುತ್ತಿದ್ದರು. ಇಂದುಮತಿ ಅವರಿಗೆ ಶಿಷ್ಯೆಯಾಗಿ ಬಂದು ಸೊಸೆಯಾದವಳು. ಅವಳಿಗೆ "ಹೂಂ" ಸಿಕ್ಕಿತ್ತು. ಒಂದೆರಡು ಸಲ "ಪರವಾಗಿಲ್ಲ" ಸಿಕ್ಕಿತ್ತು. "ನಿಷಾದ ನೋಡ್ಕೋಮ್ಮ" ಅನ್ನೋದಂತೂ ದಂಡಿಯಾಗಿ ಸಿಕ್ಕಿತ್ತು. ಭೇಷ್ ಮಾತ್ರ ಇವತ್ತಿನವರೆಗೂ ಇಲ್ಲ. ಮುಂದಿನ ತಿಂಗಳು ಮಾವನಿಗೆ ಎಂಬತ್ತು ತುಂಬುತ್ತದೆ, ಮನೆಯಲ್ಲೇ ಕಚೇರಿ, ಹಾಡೋದು ಅವಳೇ. ಆವತ್ತಾದರೂ ಒಂದು ಭೇಷ್ ಗಿಟ್ಟಿಸದಿದ್ದರೆ ತಾನು ಹಾಡಿಯೂ ದಂಡ ಅಂತ ತೀರ್ಮಾನಿಸಿಬಿಟ್ಟಿದ್ದಳು.

ಅಂಗಡಿಯವನು ಬೇರೆ ದಾರಿ ಕಾಣದೆ ಮೊದಲನೇ ಕಾರ್ಡು ಓಡಿಸಿದ. "ಒಂದೇ ಫ್ಯಾನು ಮೇಡಂ. ಬಿಸಿಯನ್ನೆಲ್ಲ ಹಿಂದಿನಿಂದ ಊದಿ ಆಚೆ ಹಾಕುತ್ತೆ, ಕಂಪ್ಯೂಟರಿನ ಡಬ್ಬದೊಳಗೆ ಕಾವು ನಿಲ್ಲಲ್ಲ."

"ಕುಕ್ಕರ್ ಸೀಟಿ ಹೊಡೆದ ಹಾಗಿದೆ. ಮುಂದಿನದು."

ಎರಡು ಫ್ಯಾನಿನದು ಬಂತು. ಇಂದುಮತಿ ಕಿವಿಗೊಟ್ಟು, "ಎರಡಕ್ಕೂ ಮಾತುಕತೆ ಇಲ್ಲವಲ್ಲೋ! ಒಂದು ಮೇಲೆ, ಒಂದು ಕೆಳಗೆ, ನಡುವೆ ವೋಂ ವೋಂ ಅಂತ ಜಗಳ," ಅಂದಳು. ನೀರು ಹರಿಸಿ ತಣಿಸುವ ಕಾರ್ಡು ಬಂತು. ಅದು ಗುಳುಗುಳು ಅಂದಿತು. "ಬೆಳಿಗ್ಗೆ ಮಾವ ಬಾಯಿ ಮುಕ್ಕಳಿಸೋದು ಹೀಗೇನೇ. ಮನೇಲಿ ಒಂದಿದೆ, ಸಾಕು." ಫ್ಯಾನೇ ಇಲ್ಲದ, ಬರೀ ಲೋಹದ ರೆಕ್ಕೆಗಳ ಕಾರ್ಡನ್ನು ಕಂಡು ಅವಳ ಮುಖ ಅರಳಿತು.

ಪದ್ದು ಅಡ್ಡ ಬಂದ. "ಅತ್ತಿಗೆ, ಅದರಲ್ಲಿ ಹೃದಯ ಬಡಿಸಬಹುದು ಅಷ್ಟೇ. ಜ್ವಾಲಾಮುಖಿ ಹಾಕಿದ್ರೆ ಕಾರ್ಡೇ ಜ್ವಾಲಾಮುಖಿ ಆಗುತ್ತೆ!"

ಕೊನೆಗೆ ಬಂದದ್ದು ಮೂರು ಫ್ಯಾನಿನ ಭಾರಿ ಕಾರ್ಡು. ಮೈತುಂಬ ತಾಮ್ರದ ಕೊಳವೆ. ಬಿಸಿಯಾಗುವ ತನಕ ತುಟಿಪಿಟಕ್ಕೆನ್ನಲಿಲ್ಲ. ಆಮೇಲೆ ಮೂರು ಫ್ಯಾನೂ ಒಂದೊಂದಾಗಿ ಎದ್ದು ಮೆಲ್ಲಗೆ ದನಿ ತೆಗೆದವು. ಷಡ್ಜ, ಪಂಚಮ, ಮೇಲಿನ ಷಡ್ಜ! ಇಂದುಮತಿ ಕಣ್ಣು ಮುಚ್ಚಿಕೊಂಡು ತಲೆದೂಗಿದಳು. "ಇದೇ. ಕಟ್ಟಿಕೊಡಪ್ಪ."

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯೋಕೆ ಪದ್ದು ಬಿಡಬೇಕಲ್ಲ! ಎರಡೇ ದಿನದಲ್ಲಿ ಆ ಕಾರ್ಡಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಏನನ್ನೋ ಅಂಟಿಸಿ, ಮನೆಯವರನ್ನೆಲ್ಲ ಕರೆದು ಕೂರಿಸಿದ.

"ಇದರ ಹೆಸರು ಶ್ರುತಿಪಾಲಕ! ನನ್ನದೇ ಸಂಶೋಧನೆ. ಅತ್ತಿಗೆ ದನಿಯನ್ನ ಇದಕ್ಕೆ ಕೇಳಿಸಿ ಪಳಗಿಸಿದ್ದೀನಿ. ಅವರು ಯಾವ ಸ್ವರ ಹಿಡಿದ್ರೂ ಫ್ಯಾನುಗಳು ಅದನ್ನೇ ಹಿಡಿಯುತ್ವೆ. ಹಾಡಿ ಅತ್ತಿಗೆ!"

ಇಂದುಮತಿ "ಪಾ" ಅಂದಳು. ಫ್ಯಾನು "ಪಾ" ಅಂದಿತು. "ಮಾ" ಅಂದಳು. "ಮಾ" ಅಂದಿತು. ಗಮಕ ಹಾಕಿದಳು. ಅದೂ ಹಾಕಿತು! ಶಿಷ್ಯೆಯರು ಚಪ್ಪಾಳೆ ತಟ್ಟಿದರು. ಇಂದುಮತಿಗೂ ಖುಷಿಯೋ ಖುಷಿ. ಅವತ್ತು ಪದ್ದುವಿಗೆ ಒಂದು ದೋಸೆ ಹೆಚ್ಚಿಗೇ ಬಿತ್ತು.

ಖುಷಿ ಒಂದು ವಾರ ಬಾಳಿತು. ಒಂದು ಬೆಳಿಗ್ಗೆ ಅವಳು ಸೊಪ್ಪು ತಗೊಂಡು ಮನೆಗೆ ಬಂದರೆ, ಪದ್ದುವಿನ ಕೋಣೆಯಿಂದ ಕಲ್ಯಾಣಿ ರಾಗ ಕೇಳಿಸಿತು. ಹೇಳಿಕೊಡುವವರಿಲ್ಲ, ಹಾಡುವವರಿಲ್ಲ, ಯಂತ್ರ ತನ್ನ ಪಾಡಿಗೆ ಆಲಾಪನೆ ಮಾಡುತ್ತಿದೆ! ಗೋಡೆಯಾಚೆಯಿಂದ ಅವಳ ಪಾಠಗಳನ್ನೆಲ್ಲ ಕೇಳಿ ಕೇಳಿ ಕಲಿತುಬಿಟ್ಟಿತ್ತು. ಬಾಗಿಲಿಂದ ಇಣುಕಿದಳು. ಹಜಾರದಲ್ಲಿರಬೇಕಾದ ಮಾವನ ಆರಾಮಕುರ್ಚಿ ಕೋಣೆಯೊಳಗಿತ್ತು. ಮಾಗಿ ಚಳಿಗೆ ಮಂಕಿ ಕ್ಯಾಪ್ ಹಾಕಿಕೊಂಡು, ಕಂಪ್ಯೂಟರಿನ ಹಿಂದೆ ಕಾಲು ನೀಡಿಕೊಂಡು, ಕಣ್ಣು ಮುಚ್ಚಿ ಕೂತಿದ್ದರು ಮಾವ.

"ಭೇಷ್!" ಅಂದರು ಮಾವ. "ಭೇಷ್, ಭೇಷ್!"

ಇಂದುಮತಿಯ ಕೈಲಿದ್ದ ದಂಟಿನ ಸೊಪ್ಪು ನೆಲಕ್ಕೆ ಬಿತ್ತು. ಮೂರು! ಒಂದೇ ಉಸಿರಿಗೆ ಮೂರು ಭೇಷ್! ತಾನು ಕತ್ತಲಲ್ಲೆದ್ದು ಸಾಧನೆ ಮಾಡಿದ್ದಕ್ಕೆ ಬರೀ ಹೂಂ, ಈ ತಗಡಿನ ಡಬ್ಬಕ್ಕೆ ಭೇಷ್! ಚಳಿ ಹಿಡಿದ ಮೇಲಂತೂ ಮಾವ ಅವಳಿಗೆ "ನಿಷಾದ ನೋಡ್ಕೋ" ಅನ್ನೋದನ್ನೂ ನಿಲ್ಲಿಸಿಬಿಟ್ಟಿದ್ದರು. ಸೊಪ್ಪು ಅಲ್ಲೇ ಬಿಟ್ಟು ಪದ್ದುವನ್ನು ಹುಡುಕಿಕೊಂಡು ಹೋದಳು.

"ಪದ್ದೂ! ಅದನ್ನ ಬಾಯಿ ಮುಚ್ಚಿಸು!"

"ಬಾಯಿ ಎಲ್ಲಿದೆ ಅತ್ತಿಗೆ? ಫ್ಯಾನು ನಿಲ್ಲಿಸಿದ್ರೆ ಕಾರ್ಡು ಸುಟ್ಟುಹೋಗುತ್ತೆ."

"ಸುಡ್ಲಿ!"

"ನೀವೇ ಆರಿಸಿದ ಕಾರ್ಡಲ್ವಾ?"

ಅದೇ ಅವಳಿಗೆ ಇನ್ನೂ ಸಂಕಟ. ಇಡೀ ಅಂಗಡಿ ಕೇಳಿ ಕೇಳಿ ಈ ಸವತಿಯನ್ನು ಮನೆಗೆ ತಂದವಳು ತಾನೇ! ಕೋಣೆಯ ಬಾಗಿಲು ಹಾಕಿದಳು. ಮಾವ ಎದ್ದು ತೆಗೆದರು. ಎಷ್ಟು ತಿದ್ದಿದರೂ ಶ್ರುತಿಗೆ ಸೇರದ ಒಬ್ಬ ಶಿಷ್ಯೆಯನ್ನು ಯಂತ್ರದ ಮುಂದೆ ಕೂರಿಸಿ, "ಗಟ್ಟಿಯಾಗಿ ಹಾಡಮ್ಮ," ಅಂದಳು. ಅದರ ವಿದ್ಯೆ ಕೆಡಲಿ ಅಂತ. ಯಂತ್ರದ್ದು ಕೆಡಲಿಲ್ಲ, ಹುಡುಗಿಯ ಶ್ರುತಿ ನೆಟ್ಟಗಾಯಿತು! ಮಾರನೇ ದಿನ ಹುಡುಗಿಯ ತಾಯಿ ಒಂದು ಡಬ್ಬಿ ಚಕ್ಕುಲಿ ತಂದು, "ಒಳಗೆ ಪಾಠ ಹೇಳಿಕೊಡೋ ಮೇಷ್ಟ್ರಿಗೆ ಕೊಡಿ," ಅಂದರು.

ಚಕ್ಕುಲಿಯನ್ನು ಇಂದುಮತಿಯೇ ಕಟಕಟ ಅಗಿದು ಮುಗಿಸಿದಳು.

ಅವಳ ಗಂಡ ರಘುನಾಥ ಮೃದಂಗದವನು, ಜಗಳಕ್ಕೆ ಹತ್ತು ಮಾರು ದೂರ. ಅವನಿಗೂ ತಡೆಯಲಾಗಲಿಲ್ಲ. "ಅಲ್ಲ ಇಂದೂ, ಯಂತ್ರದ ಮೇಲೆ ಹೊಟ್ಟೆಕಿಚ್ಚಾ?"

"ಹೌದು, ಹೊಟ್ಟೆಕಿಚ್ಚೇ! ಏನೀಗ? ನಿಮ್ಮಪ್ಪ ನಿಮ್ಮ ಮೃದಂಗ ಬಿಟ್ಟು ಮಿಕ್ಸಿಗೆ ಭೇಷ್ ಅಂದಿದ್ರೆ ಗೊತ್ತಾಗ್ತಿತ್ತು!"

ರಘುನಾಥ ಮೃದಂಗ ಎತ್ತಿಕೊಂಡು ಜಗುಲಿಗೆ ಹೋದ.

ಮಾವನ ಎಂಬತ್ತರ ದಿನ ಬಂತು. ಹಜಾರ ತುಂಬಿತು. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಇಂದುಮತಿ ಚಾಪೆಯ ಮೇಲೆ ಕೂರುವ ಹೊತ್ತಿಗೆ ಮಾವನ ಅಪ್ಪಣೆಯಾಯಿತು. "ಪದ್ದು, ಆ ಕಂಪ್ಯೂಟರನ್ನ ತಂದು ನನ್ನ ಕುರ್ಚಿ ಪಕ್ಕ ಇಡೋ. ಅದಿಲ್ಲದೆ ನಂಗೆ ಕೂರೋಕಾಗಲ್ಲ."

ತನ್ನ ಕಚೇರಿಗೆ! ತನ್ನೆದುರಿಗೆ! ಪದ್ದು ಯಂತ್ರ ಇಟ್ಟು, ವೈರು ಸಿಕ್ಕಿಸಿ, ಕಾಫಿ ಹಂಚಲು ಎದ್ದ. ಅವನು ಆಚೆ ಹೋದದ್ದೇ ತಡ, ಅವಳು ಸೆರಗು ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿ, ಪರದೆಯ ಮೇಲಿನ ಜ್ವಾಲಾಮುಖಿಯ ಚಿತ್ರವನ್ನು ಒತ್ತಿದಳು. ಒಂದಲ್ಲ, ಸಾಲಾಗಿದ್ದ ಅಷ್ಟನ್ನೂ ಒತ್ತಿದಳು. ಊಳಿಡಲಿ, ಸಭೆಯ ಮುಂದೆ ಊಳಿಡಲಿ. ಆಮೇಲೆ ಮಾವ ಭೇಷ್ ಅನ್ನಲಿ ನೋಡೋಣ!

ವರ್ಣ ಶುರುವಾಯಿತು. ಮೊದಲು ಯಂತ್ರ ಅವಳ ಜೊತೆಗೇ ಬಂತು. ಚರಣಕ್ಕೆ ಬರುವ ಹೊತ್ತಿಗೆ ಪರದೆಯ ಮೇಲೆ ಬೆಟ್ಟಗಳು ಒಂದೊಂದಾಗಿ ಸಿಡಿದವು, ಫ್ಯಾನುಗಳ ದನಿ ಏರಿತು. ಅವಳು ಮಧ್ಯಮದಲ್ಲಿದ್ದರೆ ಅದು ಪಂಚಮಕ್ಕೆ ಹೋಯಿತು, ಅವಳು ಪಂಚಮಕ್ಕೆ ಬಂದರೆ ಅದು ತಾರಸ್ಥಾಯಿಗೆ ಹಾರಿತು. ಊಳಿಟ್ಟಿತೇ? ಇಲ್ಲ! ಅಚ್ಚುಕಟ್ಟಾಗಿ, ಅಪಸ್ವರ ಒಂದೂ ಇಲ್ಲದೆ ಏರುತ್ತಲೇ ಹೋಯಿತು! ಬಿಸಿಗಾಳಿ ಬೀಸಿ ನಂದಾದೀಪ ಆರಿತು. ಮುಂದಿನ ಸಾಲಿನವರ ಶಲ್ಯಗಳು ಹಿಂದಿನ ಸಾಲಿನವರ ತಲೆ ಸೇರಿದವು. ಮಾವನ ಮಂಕಿ ಕ್ಯಾಪ್ ಹಾರಿಹೋಯಿತು. ಮೂರು ಫ್ಯಾನಿನ ಮುಖವೂ ನೆಲದ ಕಡೆಗಿತ್ತಲ್ಲ, ನೋಡನೋಡುತ್ತ ಇಡೀ ಡಬ್ಬ ನೆಲ ಬಿಟ್ಟು ಮೇಲೆದ್ದಿತು!

"ಅಯ್ಯಯ್ಯೋ! ವೈರು ಕೀಳೋ ಪದ್ದು!" ಕಿರುಚಿದಳು ಇಂದುಮತಿ.

"ಕಿತ್ರೆ ಅಪ್ಪನ ತಲೆ ಮೇಲೇ ಬೀಳುತ್ತೆ ಅತ್ತಿಗೆ!"

ನಿಜ. ಡಬ್ಬ ಮಾವನ ನೆತ್ತಿಯ ಮೇಲೆ, ಹಾಡಿಕೊಂಡು, ಗಾಳಿಪಟದ ಹಾಗೆ ತೂಗಾಡುತ್ತಿತ್ತು. ಮಾವ ಎದ್ದೇಳಲು ನೋಡಿದರು, ಗಾಳಿಯ ರಭಸಕ್ಕೆ ಮತ್ತೆ ಕುರ್ಚಿಗೇ ಕುಕ್ಕರಿಸಿದರು. ರಘುನಾಥ ನಿಲ್ಲಿಸುವುದು ಹೇಗೆ ಅಂತ ತೋಚದೆ ಮೃದಂಗ ಬಾರಿಸುತ್ತಲೇ ಇದ್ದ.

"ನೀವೇ ಇಳಿಸ್ಬೇಕು ಅತ್ತಿಗೆ! ಅದು ಕೇಳೋದು ನಿಮ್ಮ ದನಿ ಒಂದನ್ನೇ! ಮೊದಲು ಅದರ ಸ್ವರ ಹಿಡೀರಿ, ಆಮೇಲೆ ಕೆಳಗೆ ಕರ್ಕೊಂಡು ಬನ್ನಿ!"

ಅದರ ಸ್ವರವೋ ಎಲ್ಲಿತ್ತು! ಅಷ್ಟು ಮೇಲಕ್ಕೆ ಅವಳು ಹುಟ್ಟಿದಾಗಿನಿಂದ ಹೋದವಳಲ್ಲ. ಆದರೆ ಮಾವನ ಬೋಳು ತಲೆ ಕಣ್ಣೆದುರಿಗಿತ್ತು. ಒತ್ತಿದ ಬೆರಳು ತನ್ನದೇ. ಭೇಷೂ ಬೇಡ ಗೀಷೂ ಬೇಡ, ಮಾವ ಉಳಿದರೆ ಸಾಕು ಅನ್ನಿಸಿತು. ಉಸಿರು ತುಂಬಿಕೊಂಡು ದನಿ ಎತ್ತಿದಳು. ಸಿಕ್ಕಿತು! ಹಿಡಿದಳು. ಡಬ್ಬ ಗಾಳಿಯಲ್ಲೇ ನಿಂತಿತು. ಹೆಜ್ಜೆ ಹೆಜ್ಜೆಗೂ ಪುಸಲಾಯಿಸಿಕೊಂಡು ಸ್ವರದಿಂದ ಸ್ವರಕ್ಕೆ ಇಳಿದಳು. ಡಬ್ಬವೂ ಓಲಾಡಿಕೊಂಡು ಅವಳ ಕಡೆಗೆ ಇಳಿಯಿತು. ಮಂದ್ರ ಷಡ್ಜ ಮುಟ್ಟಿದಳು. ಡಬ್ಬ ಮೃದಂಗದ ಮೇಲೆ "ದೋಂ" ಅಂತ ಕೂತಿತು. ಸರಿಯಾಗಿ ತಾಳದ ಸಮಕ್ಕೆ!

ಹಜಾರವೆಲ್ಲ ಚಪ್ಪಾಳೆ. ಡಬ್ಬದಿಂದ ಸಣ್ಣಗೆ ಹೊಗೆ ಬಂದು, ಸದ್ದು ನಿಂತೇಹೋಯಿತು. ಇಂದುಮತಿ ಎದ್ದು ಓಡಿಬಂದಳು. "ಮಾವ, ಏನೂ ಆಗಲಿಲ್ಲ ತಾನೆ?"

"ಇಳಿಯೋವಾಗ ನಿಷಾದ ಒಂಚೂರು ಒರಟಾಯ್ತು," ಅಂದರು ಮಾವ.

ಅವಳಿಗೆ ಅಳುವೇ ಬಂತು. "ಆ ಡಬ್ಬ ಹಾಡಿದ್ರೆ ಭೇಷ್ ಭೇಷ್ ಅಂತಿದ್ರಿ! ನನಗೆ ಮಾತ್ರ ನಿಷಾದಾನಾ?"

"ಡಬ್ಬ ಹಾಡ್ತಿತ್ತಾ?" ಮಾವ ಬೆರಗಾಗಿ ಕೇಳಿದರು. "ಯಾವಾಗಮ್ಮ? ಚಳಿ ಅಂತ ಟೋಪಿಯೊಳಗೆ ಕಿವಿಗೆ ಹತ್ತಿ ತುರುಕ್ಕೊಂಡಿದ್ದೆ, ಟೋಪಿ ಜೊತೆ ಈಗ ತಾನೆ ಹಾರಿಹೋಯ್ತು. ಆ ಡಬ್ಬದ ಹಿಂದಿಂದ ಬಿಸಿಗಾಳಿ ಬರ್ತಿತ್ತಲ್ಲ, ಈ ಹಾಳು ಮಂಡಿನೋವಿಗೆ ಎಷ್ಟು ಹಿತವಾಗಿತ್ತು ಅಂತೀಯ! ಅದಕ್ಕೆ ಭೇಷ್ ಅಂದೆ."

ಇಂದುಮತಿ ಪದ್ದುವಿನ ಮುಖ ನೋಡಿದಳು. ಪದ್ದು ಡಬ್ಬದ ಮುಖ ನೋಡಿದ.

ಮಾರನೇ ಬೆಳಿಗ್ಗೆ ಅವಳು ರಬ್ಬರಿನ ಚೀಲಕ್ಕೆ ಬಿಸಿನೀರು ತುಂಬಿ, ಟವೆಲು ಸುತ್ತಿ, ಮಾವನ ಮಂಡಿಯ ಮೇಲಿಟ್ಟಳು. ಮಾವ ಕಣ್ಣು ಮುಚ್ಚಿ, "ಭೇಷ್!" ಅಂದರು. ಇಂದುಮತಿ ಬಿಡುತ್ತಾಳೆಯೇ? ಅದನ್ನು ಸಂಗೀತದ ಖಾತೆಗೇ ಜಮಾ ಮಾಡಿಕೊಂಡಳು.