ಸ್ವಂತ ಊರು: ಖಾಲಿ ಬಿಡತಕ್ಕದ್ದಲ್ಲ

ಊರಿಲ್ಲದ ಮನುಷ್ಯನಿಲ್ಲ. ಇದು ಆಕ್ರಾ ನಗರದ ಅತಿಥಿ ಸ್ವೀಕಾರ ಮತ್ತು ರವಾನೆ ಇಲಾಖೆಯ ಏಳನೆಯ ನಿಯಮ. ಆದುದರಿಂದ ಹನ್ನೆರಡನೆಯ ನಮೂನೆಯ ಮೂರನೆಯ ಕಾಲಂ, ಅಂದರೆ 'ಸ್ವಂತ ಊರು', ಯಾವ ಕಾರಣಕ್ಕೂ ಖಾಲಿ ಬಿಡತಕ್ಕದ್ದಲ್ಲ.

ಇದರಲ್ಲಿ ದುರುದ್ದೇಶವೇನೂ ಇಲ್ಲ. ಘಾನಾದಲ್ಲಿ ನಾವು ಸೋಪು ಕೊಳ್ಳಲು ಹೋದರೂ ಅಂಗಡಿಯವನನ್ನು 'ಯಾವೂರು ನಿಮ್ಮದು?' ಎಂದು ಕೇಳುವವರು. ಗುಮಾಸ್ತೆ ಎಫುವಾ ಕ್ವಾನ್ಸಾ ಹುಟ್ಟಿದ್ದು, ಓದಿದ್ದು, ಗಂಡನ ಜೊತೆ ಜಗಳವಾಡಿದ್ದು ಎಲ್ಲ ಆಕ್ರಾದಲ್ಲೇ. ಆದರೂ ಅವಳ ಸ್ವಂತ ಊರು ಕಡಲ ದಂಡೆಯ ನಾರ್ಕ್ವಾ. ನೆಂಟರ ಶವಸಂಸ್ಕಾರಕ್ಕೆ ಬಿಟ್ಟು ಬೇರಾವುದಕ್ಕೂ ಅಲ್ಲಿಗೆ ಹೋದವಳಲ್ಲ. ಕೊನೆಗೆ ತನ್ನದಕ್ಕೂ ಅಲ್ಲಿಗೇ ಹೋಗುವವಳು. ಸರ್ಕಾರಿ ನೌಕರಿಯ ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಕಾಲಂ ಖಾಲಿ ಬಿಟ್ಟವಳಲ್ಲ. ಇದನ್ನು ಅವಳು ಚರ್ಚಿನಲ್ಲಿ ಎದ್ದು ನಿಂತು ಹೇಳಿಕೊಂಡದ್ದೂ ಉಂಟು.

ಆ ವರ್ಷ ಒಂದು ದೊಡ್ಡ ದೇಶ ಹದಿನಾಲ್ಕು ಮಂದಿಯನ್ನು ವಿಮಾನದಲ್ಲಿ ನಮ್ಮಲ್ಲಿಗೆ ಕಳಿಸಿತು. ಅವರಲ್ಲಿ ಒಬ್ಬನೂ ನಮ್ಮವನಲ್ಲ. ಎಲ್ಲರೂ ಜೀವ ಉಳಿಸಿಕೊಳ್ಳಲು ಆ ದೊಡ್ಡ ದೇಶದ ಆಶ್ರಯ ಬೇಡಿದ್ದವರು. 'ಇವರನ್ನು ಇವರ ದೇಶಕ್ಕೆ ಕಳಿಸಬಾರದು, ಅಲ್ಲಿ ಕೊಲ್ಲುತ್ತಾರೆ' ಎಂದು ಅಲ್ಲಿನ ನ್ಯಾಯಾಧೀಶರು ಬರೆದಿದ್ದರು. ತೀರ್ಪಿಗೆ ತಲೆಬಾಗಿ ದೊಡ್ಡ ದೇಶ ಅವರನ್ನು ಅವರ ದೇಶಕ್ಕೆ ಕಳಿಸಲಿಲ್ಲ. ನಮ್ಮ ದೇಶಕ್ಕೆ ಕಳಿಸಿತು. ನಾವೂ ಯಾರನ್ನೂ ಗಡೀಪಾರು ಮಾಡುವವರಲ್ಲ. ಊರು ಕೇಳುತ್ತೇವೆ, ಊರು ಹೇಳಿದವರನ್ನು ಊರಿಗೆ ಮುಟ್ಟಿಸುತ್ತೇವೆ, ಅಷ್ಟೆ.

ಹದಿಮೂರು ಮಂದಿ ಕಾಲಂ ತುಂಬಿ ಬಸ್ಸು ಹತ್ತಿದರು. ಉಳಿದವನು ಬುರಾಮಾ ಸಾನ್ಯಾಂಗ್. ದೊಡ್ಡ ದೇಶದಲ್ಲಿ ಇಪ್ಪತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು. ಒಂಬತ್ತು ವರ್ಷದ ಮಗಳು ತಾಯಿಯ ಜೊತೆ ಇನ್ನೂ ಅಲ್ಲೇ ಇದ್ದಾಳೆ. ಸೈನಿಕರು ತನ್ನ ಅಣ್ಣನನ್ನು ಕೊಂದದ್ದನ್ನು ಕಂಡು, ಕಂಡದ್ದನ್ನು ಹೇಳಿದ ತಪ್ಪಿಗೆ ಹುಟ್ಟಿದ ದೇಶ ಬಿಟ್ಟವನು. ಆ ದೇಶದ ಹೆಸರನ್ನು ಇಲ್ಲೂ ಬರೆಯುವಂತಿಲ್ಲ. ಬರೆದರೆ ಏಳನೆಯ ನಿಯಮ ಜಾರಿಗೆ ಬರುತ್ತದೆ.

"ಅಣ್ಣಾ, ಇವತ್ತಿಗೆ ಆರು ದಿನ ಆಯ್ತು," ಎಂದಳು ಎಫುವಾ. "ಒಂದೂರಿನ ಹೆಸರು ಬರೆಯೋಕೆ ಏನು ಕಷ್ಟ?"

"ನಂಗೆ ಊರಿಲ್ಲ ಅಕ್ಕ."

"ಊರಿಲ್ದೆ ಏನು, ಆಕಾಶದಿಂದ ಉದುರಿದ್ಯಾ?"

"ಹೂಂ. ಕೈಗೆ ಬೇಡಿ ಹಾಕಿ ಇಳಿಸಿದ್ರು. ನೀವೇ ಸಹಿ ಮಾಡಿ ತಗೊಂಡ್ರಿ."

"ಅದಕ್ಕೆ ಬೇರೆ ಕಾಲಂ ಇದೆ. ತುಂಬಿ ಆಗಿದೆ."

ಮೇಲಧಿಕಾರಿ ಬೋಚ್ವೆ ಬಾಗಿಲಿನಿಂದ ತಲೆ ಹಾಕಿದರು. "ಮೇಡಂ ಕ್ವಾನ್ಸಾ, ಇವನೊಬ್ಬನಿಂದ ವರದಿ ನಿಂತಿದೆ. ಹದಿನಾಲ್ಕರಲ್ಲಿ ಹದಿಮೂರು ಅಂದ್ರೆ ನೋಡೋಕೆ ಚೆನ್ನಾಗಿರಲ್ಲ."

"ನೋಡೋರು ಯಾರು ಸಾರ್?"

"ಯಾರೂ ನೋಡಲ್ಲ. ಆದ್ರೂ."

ಕಾಲಂ ತುಂಬಿದರೆ ಬಸ್ಸು, ಬಸ್ಸು ಹತ್ತಿದರೆ ಗಡಿ, ಗಡಿಯಾಚೆ ಅದೇ ಸೈನಿಕರು. ಇದು ಎಫುವಾಗೆ ಗೊತ್ತಿಲ್ಲದ್ದೇನಲ್ಲ. ಆ ಕಾಲಂ ಖಾಲಿಯೇ ಉಳಿಯಲಿ ಎಂದು ಅವಳೂ ಒಳಗೊಳಗೆ ಬಯಸಿದ್ದಳು. ತನ್ನ ಕಡತದಲ್ಲಿ ಮಾತ್ರ ಬೇಡ, ಬೇರೆ ಯಾರದಾದರೂ ಕಡತದಲ್ಲಿ.

ಮಧ್ಯಾಹ್ನ ತನ್ನ ಬುತ್ತಿ ಬಿಚ್ಚಿ ಅವನ ಮುಂದಿಟ್ಟಳು: ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಹುಳಿಹಿಟ್ಟಿನ ಉಂಡೆ ಕೆಂಕಿ, ಮೆಣಸಿನಕಾಯಿಯ ಕರಿ ಚಟ್ನಿ, ಹೊಗೆ ಹಾಕಿದ ಮೀನು. ಎಷ್ಟಾದರೂ ಅತಿಥಿಯಲ್ಲವೆ. ಮೀನು ಬಾಯಿಗಿಟ್ಟವನ ಮುಖ ಆರು ದಿನದಲ್ಲಿ ಮೊದಲ ಸಲ ಸಡಿಲವಾಯಿತು.

"ನಮ್ಮಮ್ಮನೂ ಹಿಂಗೇ ಹೊಗೆ ಹಾಕ್ತಿದ್ಳು. ಮಾವಿನ ಕಟ್ಟಿಗೆ ಬಿಟ್ರೆ ಬೇರೇದು ಮುಟ್ತಿರ್ಲಿಲ್ಲ."

"ಅಯ್ಯೋ, ನೀವೂ ಮೀನಿನೋರಾ? ಮೊದ್ಲೇ ಹೇಳ್ಬಾರ್ದಾ. ನಮ್ದು ನಾರ್ಕ್ವಾ. ನಿಮ್ದು?"

"ಕೆರೆಬಾಟೊ," ಎಂದ ಅವನು, ಮುಳ್ಳು ತೆಗೆಯುತ್ತ.

"ಒಳ್ಳೆ ಹೆಸರು," ಎಂದಳು ಎಫುವಾ. ಅಷ್ಟರಲ್ಲಿ ಹತ್ತೊಂಬತ್ತು ವರ್ಷ ಪಳಗಿದ ಕೈ ಅದನ್ನು ಮೂರನೆಯ ಕಾಲಮಿನಲ್ಲಿ ಬರೆದು, ಕೆಳಗೊಂದು ಗೆರೆಯನ್ನೂ ಎಳೆದಾಗಿತ್ತು.

ಇಬ್ಬರೂ ಕಾಗದ ನೋಡಿದರು. ಅವನು ಅಗಿಯುವುದನ್ನು ನಿಲ್ಲಿಸಿದ.

"ಅಳಿಸಿ ಅಕ್ಕ."

ಶಾಯಿಯಲ್ಲಿ ಬರೆದದ್ದನ್ನು ಅಳಿಸುವುದು ಒಂಬತ್ತನೆಯ ನಿಯಮದಂತೆ ಅಪರಾಧ. ಎಫುವಾ ಕಾಗದ ಹಿಡಿದು ಬೋಚ್ವೆಯವರ ಕೋಣೆಗೆ ಓಡಿದಳು.

"ಸಾರ್, ಅದು ಊಟದ ಮಾತು. ಕಚೇರಿ ಮಾತಲ್ಲ."

"ಮಾತು ಊಟದ್ದು, ಶಾಯಿ ಕಚೇರೀದು."

"ಅವನನ್ನ ಕೊಲ್ತಾರೆ ಸಾರ್."

ಬೋಚ್ವೆ ಕಲ್ಲೆದೆಯವರಲ್ಲ. ಕನ್ನಡಕ ಹಾಕಿಕೊಂಡು ನಿಯಮಾವಳಿಯ ಪುಟ ತಿರುವಿದರು. "ದಾರಿ ಇದೆ ನೋಡಿ, ಅನುಬಂಧ ನಾಲ್ಕು. ನಮೂದಾದ ಊರು ತನ್ನದಲ್ಲವೆಂದು ವಾದಿಸುವ ಅತಿಥಿಯು, 'ಇವನು ನಮ್ಮವನಲ್ಲ' ಎಂಬ ಪತ್ರವನ್ನು ಸದರಿ ಊರಿನ ಮುಖ್ಯಸ್ಥರಿಂದ ಖುದ್ದಾಗಿ ಪಡೆದು ಸಲ್ಲಿಸತಕ್ಕದ್ದು."

"ಖುದ್ದಾಗಿ ಅಂದ್ರೆ ಅವನು ಅಲ್ಲಿಗೇ ಹೋಗ್ಬೇಕಲ್ಲ."

"ಮತ್ತೆ? ಮುಖ ನೋಡಿ ಗುರುತು ಹಿಡೀದೆ, ಇವನು ನಮ್ಮವನಲ್ಲ ಅಂತ ಅವರು ಹೆಂಗೆ ಹೇಳ್ತಾರೆ?"

ಎಫುವಾ ತನ್ನ ಮೇಜಿಗೆ ಮರಳಿ, ಕೆರೆಬಾಟೊದ ಮುಖ್ಯಸ್ಥರ ಹೆಸರಿಗೆ ಪತ್ರ ತಯಾರಿಸಿದಳು. ಮೇಲೆ ಕೆಂಪಕ್ಷರದಲ್ಲಿ 'ಅತಿ ಜರೂರು' ಎಂದು ಬರೆದಳು. ಗುರುತು ಹಿಡಿಯಲು ಅನುಕೂಲವಾಗಲಿ ಎಂದು ಅವನ ಎರಡು ಭಾವಚಿತ್ರಗಳನ್ನೂ ಅಂಟಿಸಿದಳು.

ಮರುದಿನ ಬೆಳಿಗ್ಗೆ ಬಸ್ಸಿನ ಬಾಗಿಲಲ್ಲಿ ಬುರಾಮಾ ನಿಂತು ಕೇಳಿದ. "ಅಕ್ಕ, ನಾನು ಅಲ್ಲಿಗೆ ಹೋಗ್ತಿರೋದು, ಅಲ್ಲಿಗೆ ಹೋಗ್ಬೇಕಾಗಿಲ್ಲ ಅನ್ನೋ ಕಾಗದ ತರೋಕೆ. ಸರೀನಾ?"

"ಸರಿ."

"ನೀವು ಓದಿದೋರು. ಸರಿ ಇದ್ದೀತು." ಒಂದು ಮೆಟ್ಟಿಲು ಹತ್ತಿ ತಿರುಗಿದ. "ಮಗಳು ಫೋನ್ ಮಾಡಿದ್ರೆ ನೀವೇ ಎತ್ತಿ. ಸಾಹೇಬ್ರು ಬೇಡ."

"ಹೋಗಿ ಬಾ ಅಣ್ಣಾ," ಎಂದಳು ಎಫುವಾ. ನಮ್ಮಲ್ಲಿ ಯಾರಿಗೂ ಬರೀ 'ಹೋಗು' ಅನ್ನುವ ಪದ್ಧತಿಯಿಲ್ಲ. ಇಲಾಖೆಯಲ್ಲಿ ಎರಡು ಮಾತಿನ ಪೈಕಿ ಮೊದಲನೆಯದಕ್ಕೆ ಮಾತ್ರ ನಮೂನೆ ಇದೆ.

ಹದಿನಾಲ್ಕಕ್ಕೆ ಹದಿನಾಲ್ಕು ಎಂದು ವರದಿ ಹೋಯಿತು. ಅಭಿನಂದನಾ ಪತ್ರ ಬಂತು. ಬುರಾಮಾನ ಕಡತವನ್ನು ಮುಚ್ಚಲಿಲ್ಲ, 'ಪತ್ರದ ನಿರೀಕ್ಷೆಯಲ್ಲಿ' ಎಂಬ ಷರಾ ಬರೆದು ಕಪಾಟಿನಲ್ಲಿಟ್ಟರು. ಇಲಾಖೆಯ ಅತಿಥಿಗೃಹದಲ್ಲಿ ಅವನು ಮಲಗುತ್ತಿದ್ದ ಮಂಚದ ಹಾಸುಬಟ್ಟೆಯನ್ನು ಪ್ರತಿ ಸೋಮವಾರ ಒಗೆದು ಹಾಸುತ್ತಾರೆ. 'ಬಂತಾ?' ಎಂದು ಬೋಚ್ವೆ ಕೇಳುತ್ತಾರೆ. 'ದೂರದ ದಾರಿ ಸಾರ್' ಎನ್ನುತ್ತಾಳೆ ಎಫುವಾ. ಹೀಗೆ ನಾಲ್ಕು ತಿಂಗಳು.

ಮಗಳು ಶುಕ್ರವಾರ ಶುಕ್ರವಾರ ಫೋನ್ ಮಾಡುತ್ತಾಳೆ.

"ಆಂಟಿ, ಅಪ್ಪ ಬಂದ್ರಾ?"

"ಊರಿಗೆ ಹೋಗಿದ್ದಾರೆ ಪುಟ್ಟಿ. ಒಂದು ಕಾಗದ ತರೋಕೆ."

"ಹೋದ್ವಾರನೂ ಅದೇ ಹೇಳಿದ್ರಿ."

"ಕಾಗದ ಅಂದ್ರೆ ತಡ ಆಗತ್ತಮ್ಮ."

ಆ ಕಡೆ ಹುಡುಗಿ ಒಂದು ಕಾಗದ ಬಿಡಿಸಿದ ಸದ್ದಾಯಿತು. "ಸ್ಕೂಲಲ್ಲಿ ಒಂದು ಫಾರಂ ಕೊಟ್ಟಿದ್ದಾರೆ. 'ತಂದೆ ಈಗ ಎಲ್ಲಿದ್ದಾರೆ' ಅಂತ ಇದೆ. ಅಮ್ಮ ಖಾಲಿ ಬಿಡು ಅಂದ್ರು. ಬಿಡ್ಲಾ?"

ಎಫುವಾ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಖಾಲಿ ಬಿಡ್ಬಾರ್ದು ಕಂದಾ," ಎಂದಳು. "'ದಾರಿಯಲ್ಲಿ' ಅಂತ ಬರಿ."

ಹುಡುಗಿ ಒಂದೊಂದೇ ಅಕ್ಷರ ಉಚ್ಚರಿಸುತ್ತ ಬರೆದಳು.

"ಸರಿಯಾಗಿ ಹಿಡೀತು ಆಂಟಿ," ಎಂದಳು. "ಒಂಚೂರೂ ಜಾಗ ಉಳೀಲಿಲ್ಲ."